ಒಂದೇ ದೀಪ, ನಾಲ್ಕು ನಕ್ಷೆ: ರೆವಿಟ್ ಲೈಟಿಂಗ್ ಫ್ಯಾಮಿಲಿಯಲ್ಲಿ ಚಿಹ್ನೆಯ ಹತೋಟಿ

ಬೆಂಗಳೂರಿನ ಕಚೇರಿ ಕಟ್ಟಡಗಳಲ್ಲಿ ದಿನವೂ ಕಾಣುವಂಥ ಒಂದು ಮಹಡಿ. ಫಾಲ್ಸ್ ಸೀಲಿಂಗ್ ನೆಲದಿಂದ 2700 ಮಿ.ಮೀ. ಎತ್ತರದಲ್ಲಿದೆ, 600×600ರ ಗ್ರಿಡ್. ಲಿಫ್ಟ್ ಲಾಬಿಯಲ್ಲಿ ಮಾತ್ರ ಸೀಲಿಂಗ್ 3300ಕ್ಕೆ ಏರುತ್ತದೆ. ದೀಪಗಳು ಒಟ್ಟು 148. ಅವುಗಳಲ್ಲಿ 600×600 ಎಲ್‌ಇಡಿ ಪ್ಯಾನೆಲ್ 96. ಈ 96ರಲ್ಲಿ 14ಕ್ಕೆ ಬ್ಯಾಟರಿ ಪ್ಯಾಕ್ ಇದೆ, ಕರೆಂಟ್ ಹೋದಾಗಲೂ ಉರಿಯುವಂಥವು. 150 ಮಿ.ಮೀ. ವ್ಯಾಸದ ಡೌನ್‌ಲೈಟ್ 42. ಮೆಟ್ಟಿಲ ಗೋಡೆಗೆ 2100 ಮಿ.ಮೀ. ಎತ್ತರದಲ್ಲಿ ಕೂರಿಸಿದ ಬ್ರ್ಯಾಕೆಟ್ ಲೈಟ್ 10.

ಕಟ್ಟಡವನ್ನು 3ಡಿ ಮಾಡೆಲ್ ಮಾಡಿ ಅದರಿಂದಲೇ ನಕ್ಷೆ ತೆಗೆಯುವ ರೆವಿಟ್ ತಂತ್ರಾಂಶದಲ್ಲಿ ಈ 148 ದೀಪಗಳು ನಾಲ್ಕು ಶೀಟ್‌ಗಳಲ್ಲಿ ನಾಲ್ಕು ರೀತಿ ಕಾಣಬೇಕು. ಆರ್ಕಿಟೆಕ್ಟ್‌ ಕೊಡುವ ಸೀಲಿಂಗ್ ಪ್ಲಾನ್ (ಆರ್‌ಸಿಪಿ) 1:100ರಲ್ಲಿದೆ; ಅದರಲ್ಲಿ ದೀಪದ ನಿಜವಾದ ಆಕಾರ ಗ್ರಿಡ್ ಮೇಲೆ ಕೂತಿರಬೇಕು, ಎಲೆಕ್ಟ್ರಿಕಲ್ ಚಿಹ್ನೆ ಕಾಣಬಾರದು. ಎಲೆಕ್ಟ್ರಿಕಲ್ ಲೈಟಿಂಗ್ ಲೇಔಟ್ ಕೂಡ 1:100. ಅಲ್ಲಿ ಚಿಹ್ನೆಯೇ ಮುಖ್ಯ. ಎಮರ್ಜೆನ್ಸಿ ಲೈಟಿಂಗ್ ಶೀಟ್ 1:200, ಬ್ಯಾಟರಿ ಇರುವ 14 ಮಾತ್ರ ಸಾಕು. ನಾಲ್ಕನೆಯದು ಇಂಟೀರಿಯರ್‌ನವರ ಫರ್ನಿಚರ್ ಪ್ಲಾನ್, 1:50. ಮೇಜಿನ ಮೇಲೆ ಪ್ಯಾನೆಲ್ ಎಲ್ಲಿ ಬರುತ್ತದೆ ಎಂದು ನೋಡಲು ಅವರಿಗೆ ದೀಪದ ಹೊರಗೆರೆ ಚುಕ್ಕೆ ಗೆರೆಯಲ್ಲಿ ಬೇಕು. ಆರ್ಕಿಟೆಕ್ಚರ್ ಒಂದು ಮಾಡೆಲ್, ಎಲೆಕ್ಟ್ರಿಕಲ್ ಇನ್ನೊಂದು, ಎರಡೂ ಒಂದಕ್ಕೊಂದು ಲಿಂಕ್ ಆಗಿವೆ.

ಮೂಲ ಫ್ಯಾಮಿಲಿ ಹೇಗಿತ್ತು

ಪ್ಯಾನೆಲ್‌ನ ಫ್ಯಾಮಿಲಿಯಲ್ಲಿ (ಒಮ್ಮೆ ಮಾಡಿಟ್ಟು ಬೇಕಾದಲ್ಲೆಲ್ಲ ಇಡುವ ವಸ್ತುವಿನ ಮಾದರಿ ಫೈಲ್) ಎಲ್ಲವೂ ಇತ್ತು, ಎಲ್ಲವೂ ಎಲ್ಲೆಡೆ ಕಾಣುತ್ತಿತ್ತು. ಸ್ಕ್ರೂವರೆಗೂ ಮಾಡೆಲ್ ಮಾಡಿದ 3ಡಿ ಬಾಡಿ, ಅದರ ಮೇಲೆ ಸಿಂಬಾಲಿಕ್ ಲೈನ್‌ನಲ್ಲಿ (ನಕ್ಷೆಗೆಂದೇ ಎಳೆಯುವ, 3ಡಿಯಲ್ಲಿ ಕಾಣದ ಗೆರೆ) ಎಳೆದ ಚೌಕ ಮತ್ತು ಎರಡು ಕರ್ಣರೇಖೆ, ನಡುವೆ ಒಂದು ಜೆನೆರಿಕ್ ಅನೊಟೇಶನ್ (ಕಾಗದದ ಅಳತೆಯಲ್ಲಿ ಬರೆದ ಚಿಹ್ನೆ), ಜೊತೆಗೆ ಲೈಟ್ ಸೋರ್ಸ್‌ನ ಹಳದಿ ಗೆರೆಗಳು. ಯಾವುದಕ್ಕೂ ಬೇರೆ ಸಬ್‌ಕೆಟಗರಿ (ಗೆರೆಗಳನ್ನು ವಿಂಗಡಿಸಿಡುವ ಉಪವರ್ಗ) ಇರಲಿಲ್ಲ. ಗೆರೆಗಳೆಲ್ಲ ನೇರವಾಗಿ ಲೈಟಿಂಗ್ ಫಿಕ್ಸ್‌ಚರ್ಸ್ ಕೆಟಗರಿಯ ಮೇಲೆಯೇ ಕೂತಿದ್ದವು. ಡೌನ್‌ಲೈಟ್‌ದೂ ಇದೇ ಕಥೆ, ಆದರೆ ಅದರ ಚಿಹ್ನೆಯನ್ನು 150 ಮಿ.ಮೀ. ವೃತ್ತವಾಗಿ ಸಿಂಬಾಲಿಕ್ ಲೈನ್‌ನಲ್ಲೇ ಬರೆದಿತ್ತು.

ಪರಿಣಾಮ ಊಹಿಸಬಹುದು. ಆರ್‌ಸಿಪಿಯಲ್ಲಿ ಆಕಾರ, ಚಿಹ್ನೆ ಎರಡೂ ಒಂದರ ಮೇಲೊಂದು ಬಿದ್ದು ಪ್ರಿಂಟ್‌ನಲ್ಲಿ ಮಸಿಯ ಮುದ್ದೆಯಾಗುತ್ತಿತ್ತು. 1:100ರಲ್ಲಿ ಡೌನ್‌ಲೈಟ್ ಕಾಗದದ ಮೇಲೆ 1.5 ಮಿ.ಮೀ. ಚುಕ್ಕಿ, ಒಳಗಿನ ಗುರುತು ಓದಲಾಗದು. ಮೆಟ್ಟಿಲ ಬ್ರ್ಯಾಕೆಟ್‌ಗಳು ಆರ್‌ಸಿಪಿಯಲ್ಲಿ ಕಾಣಲೇ ಇಲ್ಲ. ಫರ್ನಿಚರ್ ಪ್ಲಾನ್‌ನಲ್ಲಿ ಒಂದು ದೀಪವೂ ಇಲ್ಲ.

ಮೊದಲ ಮೂರು ದುರಸ್ತಿ, ಮೂರೂ ಕೆಟ್ಟವು

ಮೊದಲು ಎಲ್ಲರ ಕೈ ಹೋಗುವುದು ಯೆಸ್/ನೋ ಪ್ಯಾರಾಮೀಟರ್ ಕಡೆಗೆ. ಫ್ಯಾಮಿಲಿಯಲ್ಲಿ ‘ಚಿಹ್ನೆ ತೋರಿಸು’ ಎಂಬ ಟೈಪ್ ಪ್ಯಾರಾಮೀಟರ್ (ಫ್ಯಾಮಿಲಿಯ ಒಂದು ಬಗೆಯ ದೀಪಗಳಿಗೆಲ್ಲ ಒಂದೇ ಆಗಿರುವ ಬೆಲೆ) ಮಾಡಿ, ಸಿಂಬಾಲಿಕ್ ಲೈನ್‌ಗಳ ವಿಸಿಬಲ್ ಗುಣಕ್ಕೆ ಅದನ್ನು ಕಟ್ಟಿದರು. ಆರ್‌ಸಿಪಿ ಚೊಕ್ಕವಾಗಲಿ ಎಂದು ಟಿಕ್ ತೆಗೆದರು. ಆರ್‌ಸಿಪಿ ಚೊಕ್ಕವಾಯಿತು, ಅದೇ ಕ್ಷಣ ಲೈಟಿಂಗ್ ಲೇಔಟ್‌ನಿಂದ 96 ಚಿಹ್ನೆಗಳೂ ಮಾಯವಾದವು. ಯೆಸ್/ನೋ ಪ್ಯಾರಾಮೀಟರ್‌ಗೆ ವ್ಯೂ (ಮಾಡೆಲ್‌ನ ಒಂದೊಂದು ನೋಟ) ಎಂದರೆ ಏನೆಂದೇ ಗೊತ್ತಿಲ್ಲ. ಟೈಪ್‌ಗೆ ಕಟ್ಟಿದರೆ ಆ ಟೈಪ್‌ನ ಎಲ್ಲ ದೀಪಗಳಿಗೂ ಎಲ್ಲ ವ್ಯೂಗಳಲ್ಲೂ ಒಂದೇ ಉತ್ತರ. ಇನ್‌ಸ್ಟೆನ್ಸ್‌ಗೆ ಕಟ್ಟಿದರೆ ಆ ಒಂದು ದೀಪಕ್ಕೆ ಎಲ್ಲ ವ್ಯೂಗಳಲ್ಲೂ ಒಂದೇ ಉತ್ತರ.

ಎರಡನೆಯ ದುರಸ್ತಿ ಇನ್ನೂ ಅಪಾಯದ್ದು. ಒಂದು ಟೈಪ್ ಆರ್‌ಸಿಪಿಗೆ, ಒಂದು ಟೈಪ್ ಎಲೆಕ್ಟ್ರಿಕಲ್‌ಗೆ ಎಂದು ಎರಡು ಟೈಪ್ ಮಾಡಿ, ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು, ಬೇಡದ್ದನ್ನು ಆಯಾ ವ್ಯೂನಲ್ಲಿ ಫಿಲ್ಟರ್ ಹಾಕಿ ಅಡಗಿಸಿದರು. ಪ್ಯಾನೆಲ್‌ಗಳ ಮಟ್ಟಿಗೆ ಆರ್‌ಸಿಪಿ, ಲೈಟಿಂಗ್ ಲೇಔಟ್ ಎರಡೂ ಕಣ್ಣಿಗೆ ಸರಿಯಾಗಿಯೇ ಕಂಡವು. ಆದರೆ ಶೆಡ್ಯೂಲ್‌ನಲ್ಲಿ (ಎಣಿಕೆಯ ಪಟ್ಟಿ) ಪ್ಯಾನೆಲ್ 96ರ ಬದಲು 192 ಆಯಿತು. ಒಂದು ಪ್ಯಾನೆಲ್ 36 ವ್ಯಾಟ್. ಲೋಡ್ 3456 ವ್ಯಾಟ್ ಇರಬೇಕಾದದ್ದು 6912 ಆಯಿತು. ಇದನ್ನು ರೆವಿಟ್ ಎಚ್ಚರಿಸುವುದಿಲ್ಲವೇ ಎಂದು ಕೇಳಬಹುದು. ಒಂದೇ ಟೈಪ್‌ನ ಎರಡು ದೀಪ ಒಂದೇ ಜಾಗದಲ್ಲಿ ಕೂತರೆ ಎಚ್ಚರಿಸುತ್ತದೆ, ಶೆಡ್ಯೂಲ್‌ನಲ್ಲಿ ಎರಡು ಸಲ ಎಣಿಕೆಯಾಗುತ್ತದೆ ಎಂದೂ ಹೇಳುತ್ತದೆ. ಇಲ್ಲಿ ಟೈಪ್ ಬೇರೆ ಬೇರೆ, ಹಾಗಾಗಿ ಆ ಎಚ್ಚರಿಕೆ ಬರಲೇ ಇಲ್ಲ. ಲೈಟಿಂಗ್ ಫ್ಯಾಮಿಲಿಗಳಲ್ಲಿ ಇದಕ್ಕಿಂತ ಹಾನಿಕರವಾದ ಅಡ್ಡದಾರಿ ಇನ್ನೊಂದಿಲ್ಲ: ನಕ್ಷೆ ಸರಿ ಇದೆ ಎಂದು ಸಹಿ ಬೀಳುತ್ತದೆ, ಆದರೆ ತಪ್ಪು ಮಾತ್ರ ವಿದ್ಯುತ್ ಬೋರ್ಡ್‌ನ ಲೆಕ್ಕದಲ್ಲಿ ಮತ್ತು ಖರೀದಿಯ ಪಟ್ಟಿಯಲ್ಲಿ ಕೂರುತ್ತದೆ.

ಮೂರನೆಯದು, ಆರ್‌ಸಿಪಿಯ ವಿಸಿಬಿಲಿಟಿ/ಗ್ರಾಫಿಕ್ಸ್ ಕಿಟಕಿ ತೆರೆದು ಜೆನೆರಿಕ್ ಅನೊಟೇಶನ್ ಕೆಟಗರಿಯನ್ನೇ ಆಫ್ ಮಾಡುವುದು. ದೀಪದ ಅನೊಟೇಶನ್ ಹೋಯಿತು, ಅದರ ಜೊತೆಗೆ ಆರ್ಕಿಟೆಕ್ಟ್ ಸೀಲಿಂಗ್ ಎತ್ತರ ತೋರಿಸಲು ಆ ವ್ಯೂನಲ್ಲಿ ಇಟ್ಟಿದ್ದ ಗುರುತುಗಳೂ ಹೋದವು, ಏಕೆಂದರೆ ಅವೂ ಅದೇ ಕೆಟಗರಿ.

ಬೇರು ಎಲ್ಲಿದೆ

ಫ್ಯಾಮಿಲಿ ಎಡಿಟರ್‌ನಲ್ಲಿ ಒಂದು ಗೆರೆಯನ್ನೋ ಘನವನ್ನೋ ಆರಿಸಿ ವಿಸಿಬಿಲಿಟಿ ಸೆಟ್ಟಿಂಗ್ಸ್ ತೆರೆದರೆ, ಘನಕ್ಕೆ ಪ್ಲಾನ್/ಆರ್‌ಸಿಪಿ, ಫ್ರಂಟ್/ಬ್ಯಾಕ್, ಲೆಫ್ಟ್/ರೈಟ್ ಎಂಬ ಟಿಕ್‌ಗಳಿವೆ. ಕೆಳಗೆ ಡೀಟೇಲ್ ಲೆವೆಲ್‌ಗೆ (ವಿವರದ ಮಟ್ಟಕ್ಕೆ) ಕೋರ್ಸ್, ಮೀಡಿಯಂ, ಫೈನ್ ಎಂಬ ಮೂರು. ಗಮನಿಸಬೇಕಾದದ್ದು ಆ ಮೊದಲ ಟಿಕ್: ಪ್ಲಾನ್ ಮತ್ತು ಆರ್‌ಸಿಪಿ ಎರಡೂ ಸೇರಿ ಒಂದೇ ಚೌಕ. ಫ್ಲೋರ್ ಪ್ಲಾನ್‌ನಲ್ಲಿ ಬೇಡ, ಸೀಲಿಂಗ್ ಪ್ಲಾನ್‌ನಲ್ಲಿ ಬೇಕು ಎಂದು ಫ್ಯಾಮಿಲಿಯೊಳಗೆ ಹೇಳುವ ದಾರಿಯೇ ಅಲ್ಲಿಲ್ಲ. ಆರ್ಕಿಟೆಕ್ಚರ್‌ನವರ ಆರ್‌ಸಿಪಿ, ಎಲೆಕ್ಟ್ರಿಕಲ್‌ನವರ ಆರ್‌ಸಿಪಿ ಎಂಬ ಭೇದವಂತೂ ದೂರದ ಮಾತು.

ಡೀಟೇಲ್ ಲೆವೆಲ್ ಬಳಸಿ ಪಾರಾಗಬಹುದು ಎಂದು ಹಲವರು ಹೊರಡುತ್ತಾರೆ: ಚಿಹ್ನೆ ಕೋರ್ಸ್‌ನಲ್ಲಿ, ಬಾಡಿ ಫೈನ್‌ನಲ್ಲಿ. ಒಂದು ಕಚೇರಿಯೊಳಗೆ ಇದು ಸ್ವಲ್ಪ ದಿನ ನಡೆಯುತ್ತದೆ. ಆಮೇಲೆ ಯಾರೋ ಕೋರ್ಸ್‌ನಲ್ಲಿರುವ 3ಡಿ ವ್ಯೂನಿಂದ ಕ್ಲ್ಯಾಶ್ ತಪಾಸಣೆಗೆ ಫೈಲ್ ಹೊರತೆಗೆಯುತ್ತಾರೆ. ಬಾಡಿ ಫೈನ್‌ನಲ್ಲಿ ಮಾತ್ರ ಇರುವುದರಿಂದ ಒಂದು ದೀಪವೂ ಹೊರಗೆ ಹೋಗುವುದಿಲ್ಲ, ಡಕ್ಟ್‌ಗೂ ಪ್ಯಾನೆಲ್‌ಗೂ ಡಿಕ್ಕಿಯೇ ಇಲ್ಲ ಎಂಬ ಸುಳ್ಳು ವರದಿ ಬರುತ್ತದೆ. ಡೀಟೇಲ್ ಲೆವೆಲ್ ಇರುವುದು ವಿವರದ ಪ್ರಮಾಣಕ್ಕೆ. ಯಾವ ವಿಭಾಗಕ್ಕೆ ಏನು ಕಾಣಬೇಕು ಎಂಬುದನ್ನು ಅದಕ್ಕೆ ಹೊರಿಸಬಾರದು.

ವ್ಯೂಗೊಂದು ಉತ್ತರ ಕೊಡಬಲ್ಲದ್ದು ಸಬ್‌ಕೆಟಗರಿ. ಫ್ಯಾಮಿಲಿಯ ಕೆಲಸ ತನ್ನ ಗೆರೆಗಳನ್ನು ವಿಂಗಡಿಸಿ ಹೆಸರು ಕೊಡುವುದು. ಯಾವ ಹೆಸರು ಎಲ್ಲಿ ಕಾಣಬೇಕು ಎಂದು ತೀರ್ಮಾನಿಸುವುದು ವ್ಯೂ. ಯೆಸ್/ನೋ ಪ್ಯಾರಾಮೀಟರ್‌ಗೂ ಜಾಗವಿದೆ: ‘ಈ ದೀಪಕ್ಕೆ ಬ್ಯಾಟರಿ ಇದೆಯೇ’ ಎಂಬಂಥ, ವ್ಯೂ ಬದಲಾದರೂ ಬದಲಾಗದ ಸಂಗತಿಗೆ. ಈ ಎರಡನ್ನು ಬೆರೆಸಿದಲ್ಲೇ ಇಡೀ ಪ್ರಕರಣ ಹುಟ್ಟಿದ್ದು.

ಪ್ಯಾನೆಲ್ ಫ್ಯಾಮಿಲಿಯನ್ನು ಮತ್ತೆ ಕಟ್ಟಿದ್ದು

ಗೆರೆ ಮುಟ್ಟುವ ಮೊದಲು ಫ್ಯಾಮಿಲಿ ಯಾವ ಟೆಂಪ್ಲೇಟ್‌ನಿಂದ ಹುಟ್ಟಿದೆ ಎಂದು ನೋಡಬೇಕು. ಇಲ್ಲಿ ಸೀಲಿಂಗ್ ಇರುವುದು ಲಿಂಕ್ ಆದ ಆರ್ಕಿಟೆಕ್ಚರ್ ಮಾಡೆಲ್‌ನಲ್ಲಿ. ಸೀಲಿಂಗ್‌ಗೇ ಅಂಟುವ ಫ್ಯಾಮಿಲಿ ಲಿಂಕ್‌ನ ಸೀಲಿಂಗ್ ಮೇಲೆ ಕೂರುವುದಿಲ್ಲ. ಯಾವುದೇ ಮೈಗೆ ಅಂಟುವ ಫೇಸ್ ಬೇಸ್ಡ್ ಫ್ಯಾಮಿಲಿ ಕೂರುತ್ತದೆ. ಒಮ್ಮೆ ಆರಿಸಿದ ಹೋಸ್ಟ್ (ದೀಪ ಅಂಟುವ ಆಧಾರ) ಬಗೆಯನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಹೊಸ ಫೈಲ್‌ನಿಂದಲೇ ಶುರು ಮಾಡಬೇಕು. ಹಳೆಯ ಫ್ಯಾಮಿಲಿ ಫೇಸ್ ಬೇಸ್ಡ್ ಆಗಿಯೇ ಇದ್ದದ್ದರಿಂದ ಅದು ಉಳಿಯಿತು.

ನಂತರ ಮ್ಯಾನೇಜ್ ಟ್ಯಾಬ್‌ನ ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಲೈಟಿಂಗ್ ಫಿಕ್ಸ್‌ಚರ್ಸ್ ಅಡಿ ಮೂರು ಸಬ್‌ಕೆಟಗರಿ: ‘ಬಾಡಿ’, ‘ಎಲೆಕ್ಟ್ರಿಕಲ್ ಸಿಂಬಲ್’, ‘ಎಮರ್ಜೆನ್ಸಿ ಸಿಂಬಲ್’. ಹೆಸರು ಒಮ್ಮೆ ನಿಗದಿಯಾದರೆ ಅಕ್ಷರವೂ ಕದಲಬಾರದು. ಒಂದು ಫ್ಯಾಮಿಲಿಯಲ್ಲಿ ‘ಸಿಂಬಲ್’, ಇನ್ನೊಂದರಲ್ಲಿ ‘ಸಿಂಬಲ್ಸ್’ ಎಂದಿದ್ದರೆ ಪ್ರಾಜೆಕ್ಟ್‌ಗೆ ಎರಡು ಬೇರೆ ಸಬ್‌ಕೆಟಗರಿ ಬಂದು ಕೂರುತ್ತವೆ, ವ್ಯೂ ಟೆಂಪ್ಲೇಟ್ (ವ್ಯೂನಲ್ಲಿ ಏನು ಕಾಣಬೇಕೆಂದು ಉಳಿಸಿಟ್ಟ ಸೆಟ್ಟಿಂಗ್) ಒಂದನ್ನು ಮುಚ್ಚಿದರೆ ಇನ್ನೊಂದು ಇಣುಕುತ್ತದೆ. ತಯಾರಕರಿಂದ ಇಳಿಸಿಕೊಂಡ ಫ್ಯಾಮಿಲಿಗಳನ್ನು ಹಾಗೆಯೇ ಲೋಡ್ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಇಂಥ ಹೆಸರುಗಳ ಸಂತೆಯೇ ನೆರೆದಿರುತ್ತದೆ. ಪ್ರಾಜೆಕ್ಟ್‌ನಲ್ಲಿ ಅಳಿಸಿದರೂ ಅದೇ ಫ್ಯಾಮಿಲಿ ಮತ್ತೆ ಲೋಡ್ ಆದಾಗ ಹೆಸರು ಮರಳಿ ಬರುತ್ತದೆ. ಮೂಲ ಫ್ಯಾಮಿಲಿಯಲ್ಲೇ ತಿದ್ದಬೇಕು.

ಘನಾಕೃತಿ ಎರಡು ಪದರಗಳಾದವು. 600×600ರ, 80 ಮಿ.ಮೀ. ದಪ್ಪದ ಒಂದು ಸರಳ ಡಬ್ಬಿ ಕೋರ್ಸ್ ಮತ್ತು ಮೀಡಿಯಂಗೆ. ಅಂಚು, ಡಿಫ್ಯೂಸರ್ ಇರುವ ವಿವರವಾದ ಬಾಡಿ ಫೈನ್‌ಗೆ. ಎರಡೂ ‘ಬಾಡಿ’ ಸಬ್‌ಕೆಟಗರಿಗೆ ಸೇರಿದವು. ಈಗ ಯಾವ ಡೀಟೇಲ್ ಲೆವೆಲ್‌ನಿಂದ ಫೈಲ್ ಹೊರತೆಗೆದರೂ ದೀಪದ ಗಾತ್ರ ಇದ್ದೇ ಇರುತ್ತದೆ. ಸ್ಕ್ರೂಗಳನ್ನು ಕಿತ್ತೆಸೆದರು; 96 ಸಲ ಮರುಕಳಿಸುವ ವಸ್ತುವಿನಲ್ಲಿ ಅವು ಫೈಲ್‌ಗೆ ಬರೀ ಭಾರ.

ಕರ್ಣರೇಖೆಗಳು ಸಿಂಬಾಲಿಕ್ ಲೈನ್ ಆಗಿಯೇ ಉಳಿದವು, ಆದರೆ ‘ಎಲೆಕ್ಟ್ರಿಕಲ್ ಸಿಂಬಲ್’ಗೆ ಸರಿದವು. ಸುತ್ತಲಿನ ಸಿಂಬಾಲಿಕ್ ಚೌಕವನ್ನು ತೆಗೆದರು, ಡಬ್ಬಿಯ ಅಂಚೇ ಆ ಕೆಲಸ ಮಾಡುತ್ತದೆ. ಎರಡೂ ಇದ್ದರೆ ಒಂದೇ ಜಾಗದಲ್ಲಿ ಎರಡು ಗೆರೆ ಬಿದ್ದು ಪ್ರಿಂಟ್ ದಪ್ಪವಾಗುತ್ತದೆ. ಸಿಂಬಾಲಿಕ್ ಲೈನ್ ತಾನು ಎಳೆದ ಸಮತಲಕ್ಕೆ ಸಮಾನಾಂತರವಾದ ವ್ಯೂನಲ್ಲಿ ಮಾತ್ರ ಕಾಣುತ್ತದೆ, 3ಡಿಯಲ್ಲಿ ಬರುವುದಿಲ್ಲ. ಅದೇ ಗೆರೆಯನ್ನು ಮಾಡೆಲ್ ಲೈನ್‌ನಲ್ಲಿ ಎಳೆದಿದ್ದರೆ ರೆಂಡರ್‌ನಲ್ಲೂ 3ಡಿಯಲ್ಲೂ ಪ್ಯಾನೆಲ್ ಮೇಲೆ ಗುಣಿಸು ಗುರುತು ಎದ್ದು ಕಾಣುತ್ತಿತ್ತು.

ಇಲ್ಲಿ ಫೇಸ್ ಬೇಸ್ಡ್ ಫ್ಯಾಮಿಲಿಯ ಒಂದು ಗುಣ ನೆನಪಿರಬೇಕು. ಅದು ಸೀಲಿಂಗ್‌ನ ಕೆಳಮೈಗೆ ಕೂತಾಗ ತಲೆಕೆಳಗಾಗುತ್ತದೆ. ಫ್ಯಾಮಿಲಿಯಲ್ಲಿ ಮೇಲಿನಿಂದ ನೋಡಿ ಎಳೆದ ಗೆರೆ ಪ್ರಾಜೆಕ್ಟ್‌ನ ಪ್ಲಾನ್‌ನಲ್ಲಿ ಹಿಂಬದಿಯಿಂದ ಕಾಣುತ್ತದೆ, ಅಂದರೆ ಕನ್ನಡಿಯ ಬಿಂಬದಂತೆ. ಗುಣಿಸು ಗುರುತಿಗೆ ಇದರಿಂದ ಏನೂ ಆಗದು. ಒಂದೇ ಕರ್ಣರೇಖೆ, ಅರ್ಧ ಗೀಟು ಹಾಕಿದ ತ್ರಿಕೋನ, ಗೆರೆಯಲ್ಲಿ ಬರೆದ ಅಕ್ಷರ ಇವೆಲ್ಲ ಎಡಬಲ ಅದಲುಬದಲಾಗುತ್ತವೆ. ಲೆಜೆಂಡ್‌ನಲ್ಲಿ ಒಂದು ರೂಪ, ಪ್ಲಾನ್‌ನಲ್ಲಿ ಇನ್ನೊಂದು ರೂಪ ಕಂಡರೆ ಸೈಟ್‌ನವರು ಅವನ್ನು ಎರಡು ಬೇರೆ ದೀಪವೆಂದೇ ಓದುತ್ತಾರೆ. ಆದ್ದರಿಂದ ಎಮರ್ಜೆನ್ಸಿಗೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಗುರುತನ್ನೇ ಆರಿಸಿದ್ದು: ನಡುವೆ 300 ಮಿ.ಮೀ. ವ್ಯಾಸದ ವೃತ್ತ, ದಪ್ಪ ಗೆರೆಯಲ್ಲಿ. 1:200ರಲ್ಲೂ ಅದು ಕಾಗದದ ಮೇಲೆ 1.5 ಮಿ.ಮೀ. ಇರುತ್ತದೆ, 3 ಮಿ.ಮೀ. ಚೌಕದೊಳಗೆ ಸ್ಪಷ್ಟವಾಗಿ ಓದಬಹುದು.

ಈ ವೃತ್ತಕ್ಕೆ ಎರಡು ಬೀಗ. ಸಬ್‌ಕೆಟಗರಿ ‘ಎಮರ್ಜೆನ್ಸಿ ಸಿಂಬಲ್’: ಯಾವ ವ್ಯೂನಲ್ಲಿ ಕಾಣಬೇಕು ಎಂಬುದಕ್ಕೆ. ವಿಸಿಬಲ್ ಗುಣಕ್ಕೆ ಕಟ್ಟಿದ ‘ಬ್ಯಾಟರಿ ಇದೆ’ ಎಂಬ ಯೆಸ್/ನೋ: ಯಾವ ದೀಪಕ್ಕೆ ಕಾಣಬೇಕು ಎಂಬುದಕ್ಕೆ. ಇದು ಟೈಪ್ ಪ್ಯಾರಾಮೀಟರ್ ಆಗಬೇಕೋ ಇನ್‌ಸ್ಟೆನ್ಸ್ ಆಗಬೇಕೋ ಎಂಬುದನ್ನು ಖರೀದಿ ನಿರ್ಧರಿಸುತ್ತದೆ. ಬ್ಯಾಟರಿ ದೀಪದೊಳಗೇ ಬರುವುದಾದರೆ ಅದು ಬೇರೆ ಸಾಮಾನು, ಬೇರೆ ಬೆಲೆ, ಹಾಗಾಗಿ ಬೇರೆ ಟೈಪ್; ಈ ಮಹಡಿಯಲ್ಲಿ ಇರುವುದು ಅದೇ. ಸೆಂಟ್ರಲ್ ಇನ್‌ವರ್ಟರ್‌ನಿಂದ ಅದೇ ಸಾಮಾನ್ಯ ಪ್ಯಾನೆಲ್‌ಗಳಲ್ಲಿ ಕೆಲವಕ್ಕೆ ಮಾತ್ರ ಲೈನ್ ಎಳೆಯುವುದಾದರೆ ಇನ್‌ಸ್ಟೆನ್ಸ್ ಸರಿ. ಟೈಪ್ ಮಾರ್ಕ್ (ಆ ಬಗೆಯ ಗುರುತಿನ ಸಂಕೇತ) ಸಾಮಾನ್ಯ ಪ್ಯಾನೆಲ್‌ಗೆ ‘ಎಲ್1’, ಬ್ಯಾಟರಿ ಪ್ಯಾನೆಲ್‌ಗೆ ‘ಎಲ್1ಇ’.

ಫ್ಯಾಮಿಲಿ ಎಡಿಟರ್‌ನಲ್ಲಿ ವಿಸಿಬಲ್ ಟಿಕ್ ತೆಗೆದ ಗೆರೆ ಪೂರ್ತಿ ಮಾಯವಾಗುವುದಿಲ್ಲ, ಮಸುಕಾಗಿ ಕಾಣುತ್ತಲೇ ಇರುತ್ತದೆ. ಪ್ಯಾರಾಮೀಟರ್ ಕೆಲಸ ಮಾಡುತ್ತಿಲ್ಲ ಎಂದು ಮತ್ತೆ ಮತ್ತೆ ಕಟ್ಟುತ್ತಾ ಕೂರುವ ಬದಲು ಪ್ರಿವ್ಯೂ ವಿಸಿಬಿಲಿಟಿ ಆನ್ ಮಾಡಿ ನೋಡಬೇಕು, ಅಥವಾ ಖಾಲಿ ಪ್ರಾಜೆಕ್ಟ್‌ಗೆ ಲೋಡ್ ಮಾಡಿ ಎರಡೂ ಟೈಪ್ ಇಟ್ಟು ನೋಡಬೇಕು.

ಡೌನ್‌ಲೈಟ್: ಗಾತ್ರದ ಲೆಕ್ಕ

ಪ್ಯಾನೆಲ್‌ಗೆ ಸಿಂಬಾಲಿಕ್ ಲೈನ್ ಸಾಕಾದದ್ದು ಅದು ದೊಡ್ಡದು ಎಂಬ ಕಾರಣಕ್ಕೆ: 1:100ರಲ್ಲಿ 6 ಮಿ.ಮೀ. ಡೌನ್‌ಲೈಟ್ ಅದೇ ಸ್ಕೇಲ್‌ನಲ್ಲಿ 1.5 ಮಿ.ಮೀ., 1:200ರಲ್ಲಿ 0.75. ಇಂಥ ಚಿಕ್ಕ ವಸ್ತುವಿಗೆ ಜೆನೆರಿಕ್ ಅನೊಟೇಶನ್ ಬೇಕು. ಅನೊಟೇಶನ್‌ನ ಗಾತ್ರ ಕಾಗದದ ಗಾತ್ರ. ಅದರಲ್ಲಿ 3 ಮಿ.ಮೀ. ವೃತ್ತ ಬರೆದರೆ 1:50 ಇರಲಿ, 1:200 ಇರಲಿ, ಪ್ರಿಂಟ್‌ನಲ್ಲಿ 3 ಮಿ.ಮೀ. ಆಗಿಯೇ ಬರುತ್ತದೆ. ಮಾಡೆಲ್‌ನ ಅಳತೆಯಲ್ಲಿ ಅದು ಹಿಡಿಯುವ ಜಾಗ ಮಾತ್ರ ಹಿಗ್ಗುತ್ತದೆ: 1:100ರಲ್ಲಿ 300 ಮಿ.ಮೀ., 1:200ರಲ್ಲಿ 600.

ಆ ಹಿಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಬೇಕು. ಕಾರಿಡಾರ್‌ನಲ್ಲಿ ಡೌನ್‌ಲೈಟ್‌ಗಳ ನಡುವೆ 1200 ಮಿ.ಮೀ. ಅಂತರ, 1:100ರಲ್ಲಿ ಅದು 12 ಮಿ.ಮೀ., 3 ಮಿ.ಮೀ. ಚಿಹ್ನೆಗೆ ಧಾರಾಳ. ಟಾಯ್ಲೆಟ್ ಕನ್ನಡಿಯ ಮುಂದೆ ಅಂತರ 600, ಅಂದರೆ 6 ಮಿ.ಮೀ.; ಅಲ್ಲೂ ಸಾಕು, ಟ್ಯಾಗ್‌ಗೆ (ದೀಪದ ಪಕ್ಕದ ಅಕ್ಷರದ ಚೀಟಿ) ಮಾತ್ರ ಲೀಡರ್ (ದೀಪಕ್ಕೆ ಎಳೆದ ಗೆರೆ) ಬೇಕು. ಗೋಡೆಯಿಂದ 200 ಮಿ.ಮೀ. ದೂರದ ದೀಪದ ಚಿಹ್ನೆಯ ತ್ರಿಜ್ಯ 1:100ರಲ್ಲಿ 150, ಗೋಡೆ ಮುಟ್ಟುವುದಿಲ್ಲ. ಅದೇ 1:200ರಲ್ಲಾದರೆ ತ್ರಿಜ್ಯ 300 ಆಗಿ ಚಿಹ್ನೆ ಗೋಡೆಯೊಳಗೆ ನುಗ್ಗುತ್ತದೆ, ಕನ್ನಡಿ ಮುಂದಿನ ಚಿಹ್ನೆಗಳು ಒಂದಕ್ಕೊಂದು ತಾಗುತ್ತವೆ. ಇಲ್ಲಿ 1:200ರ ಶೀಟ್‌ಗೆ ಡೌನ್‌ಲೈಟ್ ಬರುವುದೇ ಇಲ್ಲವಾದ್ದರಿಂದ 3 ಮಿ.ಮೀ. ನಿಂತಿತು. ಎಲ್ಲವೂ ಬೇಕಿದ್ದರೆ 2 ಮಿ.ಮೀ.ಗೆ ಇಳಿಸಬೇಕಾಗುತ್ತಿತ್ತು.

ಮಾಡುವ ಕ್ರಮ ಹೀಗೆ. ಜೆನೆರಿಕ್ ಅನೊಟೇಶನ್ ಟೆಂಪ್ಲೇಟ್‌ನಲ್ಲಿ ವೃತ್ತ ಮತ್ತು ಅಡ್ಡಗೆರೆಗಳನ್ನು ಮೂಲಬಿಂದುವಿನ ಸುತ್ತ ಸಮವಾಗಿ ಬರೆಯಬೇಕು, ಟೆಂಪ್ಲೇಟ್‌ನಲ್ಲಿ ಮೊದಲೇ ಇರುವ ಸೂಚನೆಯ ಪಠ್ಯವನ್ನು ಅಳಿಸಬೇಕು. ಆ ಅನೊಟೇಶನ್ ಫೈಲ್‌ನ ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲೇ ‘ಲೈಟಿಂಗ್ ಸಿಂಬಲ್’ ಎಂಬ ಸಬ್‌ಕೆಟಗರಿ ಮಾಡಿ ಗೆರೆಗಳನ್ನು ಅದಕ್ಕೆ ಹಾಕಬೇಕು. ನಂತರ ಡೌನ್‌ಲೈಟ್ ಫ್ಯಾಮಿಲಿಗೆ ಲೋಡ್ ಮಾಡಿ, ರೆಫರೆನ್ಸ್ ಲೆವೆಲ್ ಪ್ಲಾನ್‌ನಲ್ಲಿ ಅನೊಟೇಟ್ ಟ್ಯಾಬ್‌ನ ಸಿಂಬಲ್ ಆಜ್ಞೆಯಿಂದ ನಟ್ಟನಡುವೆ ಇಡಬೇಕು. ಕೈಯಂದಾಜಿನಲ್ಲಿ ಇಟ್ಟು ಬಿಟ್ಟರೆ ಸ್ವಲ್ಪ ಆಚೀಚೆ ಆದರೂ ಫ್ಯಾಮಿಲಿಯಲ್ಲಿ ಗೊತ್ತಾಗದು. ಪ್ಲಾನ್‌ನಲ್ಲಿ ಸಾಲು ದೀಪಗಳನ್ನು ತಿರುಗಿಸಿದಾಗ ಚಿಹ್ನೆಗಳು ಒಂದು ಗೆರೆಯಲ್ಲಿ ನಿಲ್ಲುವುದಿಲ್ಲ. ಎರಡೂ ರೆಫರೆನ್ಸ್ ಪ್ಲೇನ್‌ಗೆ ಅಲೈನ್ ಮಾಡಿ ಬೀಗ ಹಾಕುವುದು ಒಂದು ನಿಮಿಷದ ಕೆಲಸ.

ಒಂದೇ ಬಾಡಿಗೆ ಬೇರೆ ಬೇರೆ ಚಿಹ್ನೆ ಬೇಕಾದಾಗ (ಸಾಮಾನ್ಯ, ಡಿಮ್ಮರ್ ಇರುವುದು, ತೇವ ನಿರೋಧಕ) ಮೂರು ಅನೊಟೇಶನ್ ಇಟ್ಟು ಮೂರು ಯೆಸ್/ನೋ ಬರೆಯುವ ಅಗತ್ಯವಿಲ್ಲ. ಒಂದನ್ನು ಇಟ್ಟು, ಅದರ ಲೇಬಲ್ ಜಾಗದಲ್ಲಿ ಫ್ಯಾಮಿಲಿ ಟೈಪ್ ಬಗೆಯ ಪ್ಯಾರಾಮೀಟರ್ ಕಟ್ಟಿದರೆ ಪ್ರತಿ ಟೈಪ್‌ಗೂ ಬೇಕಾದ ಚಿಹ್ನೆಯನ್ನು ಪಟ್ಟಿಯಿಂದ ಆರಿಸಬಹುದು. ಎರಡು ಟಿಕ್ ಒಟ್ಟಿಗೆ ಬಿದ್ದು ಚಿಹ್ನೆಗಳು ಒಂದರ ಮೇಲೊಂದು ಕೂರುವ ಸಾಧ್ಯತೆಯೇ ಇರುವುದಿಲ್ಲ. ಚಿಹ್ನೆಯೊಳಗೆ ಅಕ್ಷರ ಬರೆಯುವ ಆಸೆಯನ್ನೂ ಬಿಡಬೇಕು; ಅಕ್ಷರಕ್ಕೆ ಟ್ಯಾಗ್ ಇದೆ, ಅದು ಟೈಪ್ ಮಾರ್ಕ್‌ ಬದಲಾದರೆ ತಾನೂ ಬದಲಾಗುತ್ತದೆ.

ಹುಡುಕುವವರು ಸದಾ ಎಡವುವ ಜಾಗವೊಂದಿದೆ. ಪ್ಯಾನೆಲ್‌ನ ಸಿಂಬಾಲಿಕ್ ಲೈನ್‌ಗಳ ಸಬ್‌ಕೆಟಗರಿ ಪ್ರಾಜೆಕ್ಟ್‌ನಲ್ಲಿ ಮಾಡೆಲ್ ಕೆಟಗರಿ ಟ್ಯಾಬ್‌ನ ಲೈಟಿಂಗ್ ಫಿಕ್ಸ್‌ಚರ್ಸ್ ಅಡಿ ಸಿಗುತ್ತದೆ. ಡೌನ್‌ಲೈಟ್‌ನ ಅನೊಟೇಶನ್‌ದು ಪಕ್ಕದ ಅನೊಟೇಶನ್ ಟ್ಯಾಬ್‌ನ ಜೆನೆರಿಕ್ ಅನೊಟೇಶನ್ಸ್ ಅಡಿ. ಟೆಂಪ್ಲೇಟ್ ಮಾಡುವವರು ಒಂದು ಟ್ಯಾಬ್ ಮುಗಿಸಿ ಎದ್ದರೆ ಅರ್ಧ ದೀಪಗಳ ಚಿಹ್ನೆ ಉಳಿದೇ ಇರುತ್ತದೆ.

ನಾಲ್ಕು ವ್ಯೂ ಟೆಂಪ್ಲೇಟ್

ಆರ್ಕಿಟೆಕ್ಚರ್ ಆರ್‌ಸಿಪಿ: ಬಾಡಿ ಆನ್, ಎಲೆಕ್ಟ್ರಿಕಲ್ ಸಿಂಬಲ್, ಎಮರ್ಜೆನ್ಸಿ ಸಿಂಬಲ್, ಅನೊಟೇಶನ್‌ನ ಲೈಟಿಂಗ್ ಸಿಂಬಲ್ ಮೂರೂ ಆಫ್. ಸೀಲಿಂಗ್ ಎತ್ತರದ ಗುರುತುಗಳು ಈಗ ಉಳಿಯುತ್ತವೆ, ಏಕೆಂದರೆ ಇಡೀ ಕೆಟಗರಿಯನ್ನು ಮುಟ್ಟಿಲ್ಲ.

ಲೈಟಿಂಗ್ ಲೇಔಟ್: ಎಲ್ಲ ಸಿಂಬಲ್ ಆನ್, ಬಾಡಿ ಹಾಫ್‌ಟೋನ್ (ಮಸುಕು). ಬಾಡಿಯನ್ನು ಪೂರ್ತಿ ಆಫ್ ಮಾಡಿದರೆ ಪ್ಯಾನೆಲ್‌ಗೆ ಬರೀ ಕರ್ಣರೇಖೆ ಉಳಿದು ಚೌಕ ಹೋಗುತ್ತದೆ.

ಎಮರ್ಜೆನ್ಸಿ ಶೀಟ್‌ಗೆ ಮಾತ್ರ ಫಿಲ್ಟರ್ ಬೇಕು. ಫಿಲ್ಟರ್ ಇಡೀ ದೀಪವನ್ನು ಅಡಗಿಸುತ್ತದೆಯೇ ಹೊರತು ಅದರೊಳಗಿನ ಚಿಹ್ನೆಯನ್ನಷ್ಟೇ ಅಡಗಿಸಲಾರದು. ಇಲ್ಲಿ ಬೇಕಾದದ್ದೂ ಅದೇ. ನಿಯಮ: ಟೈಪ್ ಮಾರ್ಕ್ ‘ಇ’ಯಿಂದ ಕೊನೆಯಾಗದಿದ್ದರೆ ಆಫ್. ‘ಬ್ಯಾಟರಿ ಇದೆ’ ಪ್ಯಾರಾಮೀಟರ್ ಮೇಲೇ ಫಿಲ್ಟರ್ ಕಟ್ಟಬೇಕೆಂದರೆ ಅದನ್ನು ಶೇರ್ಡ್ ಪ್ಯಾರಾಮೀಟರ್ ಆಗಿ ಮಾಡಿರಬೇಕು. ಫ್ಯಾಮಿಲಿಯೊಳಗಿನ ಸಾಮಾನ್ಯ ಪ್ಯಾರಾಮೀಟರ್ ಫಿಲ್ಟರ್‌ಗೂ ಸಿಗದು, ಶೆಡ್ಯೂಲ್‌ಗೂ ಸಿಗದು.

ನಾಲ್ಕನೆಯದಾದ ಫರ್ನಿಚರ್ ಪ್ಲಾನ್ ವಿಷಯ ಮುಂದೆ ಬರುತ್ತದೆ. ಲೈಟ್ ಸೋರ್ಸ್ ಸಬ್‌ಕೆಟಗರಿ ನಾಲ್ಕರಲ್ಲೂ ಆಫ್.

ಗೆರೆಯ ದಪ್ಪದ ಬಗ್ಗೆ ಒಂದು ಮಾತು. ಹೊಸ ಸಬ್‌ಕೆಟಗರಿ ಮೊದಲ ಸಲ ಪ್ರಾಜೆಕ್ಟ್‌ಗೆ ಬಂದಾಗ ಫ್ಯಾಮಿಲಿಯಲ್ಲಿದ್ದ ದಪ್ಪದೊಂದಿಗೆ ಬರುತ್ತದೆ. ಆ ಹೆಸರು ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಇದ್ದರೆ ಪ್ರಾಜೆಕ್ಟ್‌ನ ದಪ್ಪವೇ ಗೆಲ್ಲುತ್ತದೆ. ಫ್ಯಾಮಿಲಿಯಲ್ಲಿ ಎಷ್ಟು ತಿದ್ದಿದರೂ ಪ್ಲಾನ್‌ನಲ್ಲಿ ಗೆರೆ ಬದಲಾಗದಿದ್ದರೆ ಕಾರಣ ಇದು. ಪ್ರಾಜೆಕ್ಟ್‌ನ ಆಬ್ಜೆಕ್ಟ್ ಸ್ಟೈಲ್ಸ್‌ನಲ್ಲಿ ಬದಲಿಸಬೇಕು.

ತಿದ್ದಿದ ಫ್ಯಾಮಿಲಿಯನ್ನು ಮರಳಿ ಲೋಡ್ ಮಾಡುವಾಗ ಎರಡು ಆಯ್ಕೆ ಬರುತ್ತವೆ: ಇರುವುದನ್ನು ಬದಲಿಸು, ಅಥವಾ ಇರುವುದನ್ನೂ ಅದರ ಪ್ಯಾರಾಮೀಟರ್ ಬೆಲೆಗಳನ್ನೂ ಬದಲಿಸು. ಎರಡನೆಯದನ್ನು ಒತ್ತಿದರೆ ಪ್ರಾಜೆಕ್ಟ್‌ನಲ್ಲಿ ತುಂಬಿದ ಟೈಪ್ ಬೆಲೆಗಳ ಮೇಲೆ ಫ್ಯಾಮಿಲಿ ಫೈಲ್‌ನ ಬೆಲೆಗಳು ಬಂದು ಕೂರುತ್ತವೆ. ಇಲ್ಲಿ ಮೊದಲನೆಯದು.

ಮೆಟ್ಟಿಲ ದೀಪ, ಫರ್ನಿಚರ್ ಪ್ಲಾನ್

ಬ್ರ್ಯಾಕೆಟ್‌ಗಳು ಕಾಣದಿರುವುದಕ್ಕೂ ಫ್ಯಾಮಿಲಿಗೂ ಸಂಬಂಧವಿಲ್ಲ. ಅದು ವ್ಯೂ ರೇಂಜ್, ಅಂದರೆ ವ್ಯೂ ನೋಡುವ ಎತ್ತರದ ಮಿತಿ. ಆರ್‌ಸಿಪಿ ತನ್ನ ಕಟ್ ಪ್ಲೇನ್‌ನಿಂದ (ಮಹಡಿಯನ್ನು ಅಡ್ಡಕ್ಕೆ ಕತ್ತರಿಸುವ ಸಮತಲ) ಮೇಲಕ್ಕೆ ನೋಡುತ್ತದೆ. ಇಲ್ಲಿ ಕಟ್ ಪ್ಲೇನ್ 2300ರಲ್ಲಿದೆ, ಬ್ರ್ಯಾಕೆಟ್ 2100ರಲ್ಲಿ, ಅಂದರೆ ನೋಟದ ಕೆಳಗೆ. ಇಡೀ ಮಹಡಿಯ ಕಟ್ ಪ್ಲೇನ್ ಅನ್ನು 1800ಕ್ಕೆ ಇಳಿಸಿದರೆ ದೀಪ ಕಾಣುತ್ತದೆ, ಜೊತೆಗೆ 2100 ಎತ್ತರದ ಬಾಗಿಲುಗಳೆಲ್ಲ ಕತ್ತರಿಸಲ್ಪಟ್ಟು ಸೀಲಿಂಗ್ ಪ್ಲಾನ್‌ನಲ್ಲಿ ಬಾಗಿಲ ತೆರಪು ಮೂಡುತ್ತದೆ. ಮೆಟ್ಟಿಲ ಜಾಗಕ್ಕಷ್ಟೇ ಒಂದು ಪ್ಲಾನ್ ರೀಜನ್ ಎಳೆದು ಅಲ್ಲಿ ಮಾತ್ರ 1800 ಇಟ್ಟಾಗ ಸಮಸ್ಯೆ ತೀರಿತು. ಪ್ಲಾನ್ ರೀಜನ್ ಆ ವ್ಯೂಗೆ ಮಾತ್ರ ಸೇರಿದ್ದು, ಆರ್‌ಸಿಪಿ ಮತ್ತು ಲೈಟಿಂಗ್ ಲೇಔಟ್ ಎರಡರಲ್ಲೂ ಎಳೆಯಬೇಕು.

ಫರ್ನಿಚರ್ ಪ್ಲಾನ್ ಕಟ್ ಪ್ಲೇನ್ 1200. ಅದು ಕೆಳಕ್ಕೆ ನೋಡುತ್ತದೆ, ಹಾಗಾಗಿ 2700ರ ದೀಪ ಅದಕ್ಕೆ ಕಾಣುವುದಿಲ್ಲ. ಇದಕ್ಕೊಂದು ಪ್ರಸಿದ್ಧ ಉಪಾಯವಿದೆ: ಫ್ಯಾಮಿಲಿಯಲ್ಲಿ ದೀಪದಿಂದ ಕೆಳಕ್ಕೆ, ಕಟ್ ಪ್ಲೇನ್ ದಾಟುವಷ್ಟು ಉದ್ದದ ಅದೃಶ್ಯ ಮಾಡೆಲ್ ಲೈನ್ ಇಳಿಬಿಡುವುದು. ದೀಪದ ಯಾವುದಾದರೂ ಭಾಗ ವ್ಯೂ ರೇಂಜ್‌ಗೆ ಬಂದರೆ ಚಿಹ್ನೆಯೂ ಕಾಣುತ್ತದೆ. ಈ ಮಹಡಿಯಲ್ಲಿ ಲೆಕ್ಕ ಹಾಕಿ ನೋಡಿ: 2700ರಿಂದ 1600 ಉದ್ದದ ಗೆರೆ ಇಳಿಬಿಟ್ಟರೆ ತುದಿ 1100ರಲ್ಲಿ, ಕಟ್ ಪ್ಲೇನ್ ದಾಟುತ್ತದೆ. ಅದೇ ಫ್ಯಾಮಿಲಿ ಲಾಬಿಯ 3300ರ ಸೀಲಿಂಗ್‌ಗೆ ಕೂತರೆ ತುದಿ 1700ರಲ್ಲೇ ನಿಲ್ಲುತ್ತದೆ, ಲಾಬಿಯ ದೀಪ ಕಾಣುವುದಿಲ್ಲ. ಗೆರೆಯನ್ನು ಇನ್ನೂ ಉದ್ದ ಮಾಡಬಹುದು. ಆದರೆ ಆಗ ದೀಪದ ವ್ಯಾಪ್ತಿ ನೆಲದವರೆಗೆ ಇಳಿದಂತಾಗಿ, ಕಟ್ಟಡದ ಎಲ್ಲ ಫ್ಲೋರ್ ಪ್ಲಾನ್‌ಗಳಲ್ಲೂ ಬೇಡದ ದೀಪಗಳು ಹಾಜರಾಗುತ್ತವೆ. ಈ ಉಪಾಯ ಕೈಬಿಡುವುದೇ ಲೇಸು.

ಬದಲಿಗೆ ಅದೇ ಮಹಡಿಯ ಇನ್ನೊಂದು ಸೀಲಿಂಗ್ ಪ್ಲಾನ್ ವ್ಯೂ ಮಾಡಿ, ಲೈಟಿಂಗ್ ಫಿಕ್ಸ್‌ಚರ್ಸ್ ಬಿಟ್ಟು ಉಳಿದ ಎಲ್ಲವನ್ನೂ ಆಫ್ ಮಾಡಿ, ಬಾಡಿಗೆ ಚುಕ್ಕೆ ಗೆರೆಯ ಓವರ್‌ರೈಡ್ ಕೊಡಲಾಯಿತು. ಎರಡೂ ವ್ಯೂಗೆ ಒಂದೇ ಸ್ಕೋಪ್ ಬಾಕ್ಸ್ (ವ್ಯೂನ ಎಲ್ಲೆ ಹಿಡಿಯುವ ಚೌಕಟ್ಟು), ಒಂದೇ ಸ್ಕೇಲ್. ಶೀಟ್ ಮೇಲೆ ಎರಡು ವ್ಯೂಪೋರ್ಟ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಮೇಲಿನದಕ್ಕೆ ಶೀರ್ಷಿಕೆ ಇಲ್ಲದ ವ್ಯೂಪೋರ್ಟ್ ಟೈಪ್, ಆಮೇಲೆ ಎರಡಕ್ಕೂ ಪಿನ್. ಸೀಲಿಂಗ್ ಪ್ಲಾನ್ ಕನ್ನಡಿಯಲ್ಲಿ ನೋಡಿದಂತೆ ಇರುವುದರಿಂದ ದಿಕ್ಕು ಫ್ಲೋರ್ ಪ್ಲಾನ್‌ಗೆ ತಾಳೆಯಾಗುತ್ತದೆ.

ಲಿಂಕ್‌ನ ಆಚೆ ಬದಿ

ಎಲೆಕ್ಟ್ರಿಕಲ್ ಮಾಡೆಲ್‌ನಲ್ಲಿ ಎಲ್ಲ ಸರಿಹೋದ ಮೇಲೂ ಆರ್ಕಿಟೆಕ್ಟ್‌ರ ಫೈಲ್‌ನಲ್ಲಿ ಕರ್ಣರೇಖೆಗಳು ಉಳಿದೇ ಇದ್ದವು. ಅವರ ವಿಸಿಬಿಲಿಟಿ/ಗ್ರಾಫಿಕ್ಸ್ ಕಿಟಕಿಯಲ್ಲಿ ‘ಎಲೆಕ್ಟ್ರಿಕಲ್ ಸಿಂಬಲ್’ ಎಂಬ ಹೆಸರೇ ಇರಲಿಲ್ಲ, ಹಾಗಾಗಿ ಆಫ್ ಮಾಡಲು ಏನೂ ಇಲ್ಲ. ಲಿಂಕ್‌ನೊಳಗೆ ಮಾತ್ರ ಇರುವ ಸಬ್‌ಕೆಟಗರಿ ಹೋಸ್ಟ್ ಫೈಲ್‌ನ (ಲಿಂಕ್ ತರಿಸಿಕೊಂಡ ಫೈಲ್, ಇಲ್ಲಿ ಆರ್ಕಿಟೆಕ್ಟ್‌ರದು) ಮುಖ್ಯ ಪಟ್ಟಿಗೆ ಬರುವುದಿಲ್ಲ. ದಾರಿ ಎರಡು. ರೆವಿಟ್ ಲಿಂಕ್ಸ್ ಟ್ಯಾಬ್‌ನಲ್ಲಿ ಆ ಲಿಂಕ್‌ಗೆ ಕಸ್ಟಮ್ ಆರಿಸಿ, ಅದರ ಮಾಡೆಲ್ ಕೆಟಗರಿಗಳನ್ನು ಕಸ್ಟಮ್ ಮಾಡಿ ಅಲ್ಲಿ ಆಫ್ ಮಾಡುವುದು ಒಂದು. ಅದೇ ಹೆಸರಿನ ಸಬ್‌ಕೆಟಗರಿಗಳು ಹೋಸ್ಟ್‌ನಲ್ಲೂ ಇರುವಂತೆ ಫ್ಯಾಮಿಲಿಯನ್ನು ಆರ್ಕಿಟೆಕ್ಟ್‌ರ ಫೈಲ್‌ಗೂ ಒಮ್ಮೆ ಲೋಡ್ ಮಾಡಿ (ಇಡಬೇಕಿಲ್ಲ, ಲೋಡ್ ಸಾಕು), ಲಿಂಕ್ ಅನ್ನು ಬೈ ಹೋಸ್ಟ್ ವ್ಯೂ ಎಂದೇ ಬಿಡುವುದು ಇನ್ನೊಂದು. ಎರಡನೆಯದು ಬಾಳಿಕೆ ಬರುವಂಥದು: ಟೆಂಪ್ಲೇಟ್ ಒಂದೇ ಕಡೆ ಇರುತ್ತದೆ, ಲಿಂಕ್ ತೆಗೆದು ಮತ್ತೆ ಹಾಕಿದರೂ ಕೆಡುವುದಿಲ್ಲ.

ಒಪ್ಪಿಸುವ ಮೊದಲ ತಪಾಸಣೆ

ಶೆಡ್ಯೂಲ್: ಎಲ್1 82, ಎಲ್1ಇ 14, ಡೌನ್‌ಲೈಟ್ 42, ಬ್ರ್ಯಾಕೆಟ್ 10, ಒಟ್ಟು 148. ಪ್ಯಾನೆಲ್ ಲೋಡ್ 3456 ವ್ಯಾಟ್. ಮೊದಲಿನ ಜೋಡಿ ಟೈಪ್‌ಗಳಲ್ಲಿ ಒಂದನ್ನು ಅಳಿಸುವಾಗ ಸರ್ಕ್ಯೂಟ್‌ಗೆ ಕಟ್ಟಿದ್ದು ಯಾವುದು ಎಂದು ನೋಡಿಯೇ ಅಳಿಸಬೇಕು; ತಪ್ಪಿದರೆ ಸರ್ಕ್ಯೂಟ್ ಖಾಲಿಯಾಗುತ್ತದೆ. ಲೈಟಿಂಗ್ ಲೇಔಟ್‌ನಲ್ಲಿ ಒಂದು ಎಲ್1ಇ ದೀಪವನ್ನು ಆರಿಸಿ ಟೈಪ್ ಅನ್ನು ಎಲ್1ಕ್ಕೆ ಬದಲಿಸಿದಾಗ ವೃತ್ತ ಹೋಗಬೇಕು, ಎಮರ್ಜೆನ್ಸಿ ಶೀಟ್‌ನಿಂದ ದೀಪವೇ ಹೋಗಬೇಕು, ಆರ್ಕಿಟೆಕ್ಟ್‌ರ ಆರ್‌ಸಿಪಿಯಲ್ಲಿ ಒಂದು ಗೆರೆಯೂ ಅಲುಗಬಾರದು. ಮೂರೂ ಸರಿಬಂದ ಮೇಲೆ ಅನ್‌ಡೂ ಮಾಡಿ, ಕೋರ್ಸ್‌ನಲ್ಲೊಮ್ಮೆ ಫೈನ್‌ನಲ್ಲೊಮ್ಮೆ 3ಡಿ ತೆರೆದು 148 ಬಾಡಿಗಳೂ ಇವೆಯೇ ಎಂದು ನೋಡಿ, ನಾಲ್ಕು ಶೀಟ್‌ಗಳನ್ನು ಪ್ರಿಂಟ್‌ಗೆ ಕಳಿಸಬಹುದು.